ಮಳೆಗಾಲ ಕಳೆದ ಮೇಲೆ ಸ್ಟಾರ್ಟ್ ಆಗದ ಎಟಿವಿ: ಮನೆಯಂಗಳದಲ್ಲೇ ಮಾಡಬಹುದಾದ ದುರಸ್ತಿ

ದುಡಿಮೆ ಮುಂಬಯಿಯಲ್ಲಿ, ತೋಟ ಊರಿನಲ್ಲಿ. ಇಲ್ಲಿಯ ಅನೇಕ ತುಳು-ಕನ್ನಡಿಗ ಕುಟುಂಬಗಳ ಬದುಕು ಸಾಗಿ ಬಂದಿರುವುದೇ ಹೀಗೆ. ಊರಿನ ಅಡಿಕೆ, ರಬ್ಬರ್ ತೋಟಗಳಲ್ಲಿ, ಕರ್ಜತ್, ಪನ್ವೇಲ್ ಕಡೆಯ ಫಾರ್ಮ್‌ಹೌಸ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ಎಟಿವಿ ಕಾಣಸಿಗುತ್ತದೆ. ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್, ಕೆಸರು-ಕಲ್ಲು-ದಿಬ್ಬ ಎನ್ನದೆ ಏರುವ ಈ ಗಾಡಿ ಗೊಬ್ಬರದ ಮೂಟೆ ಸಾಗಿಸಲೂ ಸೈ, ರಜೆಯಲ್ಲಿ ಬಂದ ಮಕ್ಕಳ ಸವಾರಿಗೂ ಸೈ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಮಲಗಿದ ಇದೇ ಗಾಡಿ, ನವರಾತ್ರಿಗೋ ದೀಪಾವಳಿಗೋ ಮಾಲೀಕರು ಊರಿಗೆ ಹೋದಾಗ ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗುವುದಿಲ್ಲ.

ಹತ್ತಿರದ ಬೈಕ್ ಮೆಕ್ಯಾನಿಕ್ ಇದನ್ನು ಮುಟ್ಟಲು ಹಿಂಜರಿಯುತ್ತಾನೆ. ಕಂಪೆನಿಯ ಸರ್ವಿಸ್ ಸೆಂಟರ್ ದೂರದ ಪಟ್ಟಣದಲ್ಲಿ. ಗಾಡಿಯನ್ನು ಟೆಂಪೋಗೆ ಹೇರಿ ಸಾಗಿಸುವ ಖರ್ಚೇ ದುರಸ್ತಿಯ ಖರ್ಚಿಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ನಾಲ್ಕು ತಿಂಗಳು ನಿಂತ ಗಾಡಿ ಹಠ ಹಿಡಿಯುವುದಕ್ಕೆ ಕಾರಣ ಹೆಚ್ಚಿನ ಸಂದರ್ಭಗಳಲ್ಲಿ ತೀರಾ ಚಿಕ್ಕದಾಗಿರುತ್ತದೆ. ಕ್ರಮವಾಗಿ ಹುಡುಕಿದರೆ ಅದು ಮನೆಯಂಗಳದಲ್ಲೇ ಸಿಗುತ್ತದೆ. ಹಾಗೆಯೇ, ಮನೆಯಲ್ಲಿ ಕೈಹಾಕಬಾರದ ಕೆಲಸ ಯಾವುದು ಎಂಬ ತಿಳಿವಳಿಕೆಯೂ ಅಷ್ಟೇ ಮುಖ್ಯ.

ಮೂರು ಚಕ್ರದಿಂದ ನಾಲ್ಕಕ್ಕೆ

ಇಂದಿನ ಎಟಿವಿಯ ಹಿಂದೆ ಜಪಾನಿನ ಹೋಂಡಾ ಕಂಪೆನಿ 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಮೂರು ಚಕ್ರದ ಗಾಡಿ ಇದೆ. ನಾಲ್ಕು ಚಕ್ರದ ಮಾದರಿಯನ್ನು ಸುಜುಕಿ 1980ರ ದಶಕದ ಆರಂಭದಲ್ಲಿ ಪರಿಚಯಿಸಿತು. ಮೂರು ಚಕ್ರದ ಗಾಡಿಗಳು ಸುಲಭವಾಗಿ ಮಗುಚಿ ಅಪಘಾತಗಳು ಹೆಚ್ಚಿದ್ದರಿಂದ, 1988ರಲ್ಲಿ ಅಮೆರಿಕ ಸರಕಾರದೊಂದಿಗೆ ನ್ಯಾಯಾಲಯದ ಮೂಲಕ ಆದ ಒಪ್ಪಂದದಂತೆ ಅಲ್ಲಿ ಅವುಗಳ ಮಾರಾಟ ನಿಂತಿತು. ಈ ಗಾಡಿಯ ವಿಷಯದಲ್ಲಿ ಸುರಕ್ಷತೆಯ ಮಾತು ಮೊದಲಿನಿಂದಲೂ ಜೊತೆಗೇ ಬಂದಿದೆ.

ಹೊರನೋಟಕ್ಕೆ ಭಾರಿಯಾಗಿ ಕಂಡರೂ ಅನೇಕ ಎಟಿವಿಗಳ ಹೊಟ್ಟೆಯಲ್ಲಿರುವುದು ಬೈಕಿನಂಥದೇ ಒಂದು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಅದು ಓಡಲು ಬೇಕಾದುದು ನಾಲ್ಕೇ: ಪೆಟ್ರೋಲ್, ಗಾಳಿ, ಕಿಡಿ ಮತ್ತು ಸಿಲಿಂಡರಿನೊಳಗಿನ ಒತ್ತಡ. ಈ ನಾಲ್ಕರಲ್ಲಿ ಯಾವುದು ಕೈಕೊಟ್ಟಿದೆ ಎಂದು ತಿಳಿಯುವುದೇ ದುರಸ್ತಿಯ ಅರ್ಧ ಕೆಲಸ.

ಪಾನಾ ಹಿಡಿಯುವ ಮುನ್ನ

ಮೊದಲು ನೋಡಬೇಕಾದುದು ಹ್ಯಾಂಡಲಿನ ಮೇಲಿರುವ ಕೆಂಪು ಸ್ವಿಚ್. ಅದು 'ಆಫ್'ನಲ್ಲಿದ್ದರೆ ದಿನವಿಡೀ ಸೆಲ್ಫ್ ಒತ್ತಿದರೂ ಇಂಜಿನ್ ಏಳದು. ಹೆಚ್ಚಿನ ಗಾಡಿಗಳು ನ್ಯೂಟ್ರಲ್‌ನಲ್ಲಿದ್ದರೆ ಅಥವಾ ಬ್ರೇಕ್ ಹಿಡಿದಿದ್ದರೆ ಮಾತ್ರ ಸ್ಟಾರ್ಟ್ ಆಗುತ್ತವೆ. ಮಕ್ಕಳ ಗಾಡಿಗಳಲ್ಲಿ ಹಿಂಬದಿಗೆ ಹಗ್ಗದ ಸ್ವಿಚ್ ಇರುತ್ತದೆ, ಅದು ಕಳಚಿದ್ದರೂ ಇದೇ ಗತಿ. ಇವು ಜೀವರಕ್ಷಣೆಗಾಗಿ ಇಟ್ಟ ಸ್ವಿಚ್‌ಗಳು. ಹಾಳಾಗಿದ್ದರೆ ಹೊಸದನ್ನು ಹಾಕಿಸಬೇಕೇ ಹೊರತು ವೈರಿಗೆ ವೈರು ಕಟ್ಟಿ ದಾಟಿಸಬಾರದು.

ನಂತರ ಬ್ಯಾಟರಿ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಮೀಟರಿನಲ್ಲಿ 12.6 ಅಥವಾ ಅದಕ್ಕಿಂತ ತುಸು ಹೆಚ್ಚು ತೋರಿಸುತ್ತದೆ. 12.4ಕ್ಕಿಂತ ಕೆಳಗಿಳಿದಿದ್ದರೆ ಚಾರ್ಜ್ ಮಾಡಬೇಕು. ಸೆಲ್ಫ್ ಒತ್ತಿದಾಗ ಬರೀ 'ಟಕ್ ಟಕ್' ಎಂದರೆ ಬ್ಯಾಟರಿ ಸೋತಿದೆ ಅಥವಾ ಅದರ ತುದಿಗಳಲ್ಲಿ ಬಿಳಿ-ಹಸಿರು ಕಿಲುಬು ಕಟ್ಟಿದೆ ಎಂದರ್ಥ. ನೆಗೆಟಿವ್ ತುದಿಯನ್ನು ಮೊದಲು ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಮರಳಿ ಜೋಡಿಸುವಾಗ ಅದನ್ನು ಕೊನೆಗೆ ಬಿಗಿಯಬೇಕು. ಟಾರ್ಪಾಲಿನಡಿಯ ಕತ್ತಲು ಇಲಿಗಳಿಗೆ ಬಲು ಇಷ್ಟ. ಹಾಗಾಗಿ ವೈರುಗಳನ್ನು ಇಲಿ ಕಡಿದಿದೆಯೇ, ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಗೂಡು ಕಟ್ಟಿದೆಯೇ ಎಂದು ನೋಡುವುದೂ ಅಗತ್ಯ.

ಹಳೆಯ ಪೆಟ್ರೋಲಿನ ಕಿತಾಪತಿ

ನಿಂತ ಗಾಡಿಯ ದೊಡ್ಡ ಶತ್ರು ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್. ತಿಂಗಳುಗಟ್ಟಲೆ ನಿಂತರೆ ಅದರ ಹಗುರ ಅಂಶ ಆವಿಯಾಗಿ, ಉಳಿದದ್ದು ಅಂಟಾಗುತ್ತದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇ. 20ಕ್ಕೆ ತಲುಪಿದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರಿನಂಶ ಮಿತಿ ಮೀರಿದರೆ ಅದು ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತದೆ. ಕರಾವಳಿಯ ಮಳೆಗಾಲದ ತೇವದ ಗಾಳಿಯಲ್ಲಿ ಈ ಅಪಾಯ ಹೆಚ್ಚು. ಹಳೆಯ ಗಾಡಿಗಳ ರಬ್ಬರ್ ಪೈಪುಗಳಿಗೂ ಎಥನಾಲ್ ಒಳ್ಳೆಯದಲ್ಲ.

ಆದ್ದರಿಂದ ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು ಹೊಸದನ್ನು ಹಾಕುವುದು ಮೊದಲ ಮದ್ದು. ಕಾರ್ಬುರೇಟರ್ ಇರುವ ಗಾಡಿಯಾದರೆ ಅದರ ತಳದ ಬಟ್ಟಲಿನಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಒಳಗಿನದನ್ನು ಗಾಜಿನ ಲೋಟಕ್ಕೆ ಹಿಡಿಯಬೇಕು. ತಳದಲ್ಲಿ ನೀರು, ಕಸ ಕಂಡರೆ ಕಳ್ಳ ಸಿಕ್ಕಿದಂತೆಯೇ. ಚೋಕ್ ಎಳೆದರೆ ಮಾತ್ರ ಓಡಿ, ಬಿಟ್ಟರೆ ನಿಂತುಹೋಗುವ ಇಂಜಿನ್ನಿನಲ್ಲಿ ಹೆಚ್ಚಾಗಿ ಪೈಲಟ್ ಜೆಟ್ ಎಂಬ ಸೂಜಿರಂಧ್ರ ಮುಚ್ಚಿರುತ್ತದೆ. ಅದನ್ನು ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ, ಗಾಳಿ ಊದಿ ತೆರೆಯಬೇಕು. ಕಬ್ಬಿಣದ ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಜೆಟ್ ಶಾಶ್ವತವಾಗಿ ಕೆಡುತ್ತದೆ.

ಫ್ಯೂಯೆಲ್ ಇಂಜೆಕ್ಷನ್ ಇರುವ ಗಾಡಿಯಲ್ಲಿ ಕೀ ತಿರುಗಿಸಿದೊಡನೆ ಪಂಪು ಎರಡು-ಮೂರು ಸೆಕೆಂಡು ಗುಂಯ್ ಎನ್ನಬೇಕು. ಸದ್ದಿಲ್ಲದಿದ್ದರೆ ಫ್ಯೂಸ್ ಪರೀಕ್ಷಿಸಬಹುದು. ಅದರಾಚೆಗಿನ ಪೈಪುಗಳಲ್ಲಿ ಪೆಟ್ರೋಲ್ ಒತ್ತಡದಲ್ಲಿರುವುದರಿಂದ ಅದು ತಿಳಿದವರ ಕೆಲಸ.

ಪ್ಲಗ್ ಹೇಳುವ ಕಥೆ

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಇಂಜಿನ್ನಿನ ಒಳಗಿನ ಸ್ಥಿತಿ ತಿಳಿಯುತ್ತದೆ. ತುದಿ ತಿಳಿ ಕಂದು ಬಣ್ಣದ್ದಾಗಿದ್ದರೆ ಎಲ್ಲವೂ ಸರಿ. ಕರಿಮಸಿ ಹಿಡಿದಿದ್ದರೆ ಪೆಟ್ರೋಲ್ ಅತಿಯಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಸ್ಟಾರ್ಟ್ ಮಾಡಲು ಪ್ರಯತ್ನಿಸಿದ ಮೇಲೂ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ತಲುಪುತ್ತಿದೆ, ಕಿಡಿ ಹಾರುತ್ತಿಲ್ಲ ಎಂಬ ಅನುಮಾನ ಮೂಡಬೇಕು.

ಕಿಡಿ ಪರೀಕ್ಷಿಸಲು ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಲೋಹದ ಭಾಗ ಇಂಜಿನ್ನಿಗೆ ತಾಗುವಂತೆ ಇಟ್ಟು ಸೆಲ್ಫ್ ಒತ್ತಬೇಕು. ಬರಿಗೈಯಲ್ಲಿ ಹಿಡಿಯಬಾರದು. ಸುತ್ತಮುತ್ತ ಚೆಲ್ಲಿದ ಪೆಟ್ರೋಲನ್ನು ಮೊದಲೇ ಒರೆಸಿ ದೂರ ಮಾಡಿರಬೇಕು, ಪ್ಲಗ್ಗಿನ ತೂತಿನಿಂದಲೂ ಕಿಡಿ ದೂರವಿರಬೇಕು. ನೀಲಿ ಬಣ್ಣದ ಗಟ್ಟಿ ಕಿಡಿ ಬಂದರೆ ಸರಿ. ಇಲ್ಲವಾದರೆ ಹೊಸ ಪ್ಲಗ್ ಹಾಕಿ ನೋಡಬೇಕು. ಇದು ಅತಿ ಅಗ್ಗದ ಪರೀಕ್ಷೆ.

ಫೋಮ್ ಏರ್ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು, ಹಿಂಡಿ ತಿರುಚದೆ ಒತ್ತಿ ನೀರು ತೆಗೆದು, ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಸವರಿ ಮತ್ತೆ ಹಾಕಬಹುದು. ಇಂಜಿನ್ ಆಯಿಲ್ ಚಹಾದ ಹಾಗೆ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದೇ ತಿಳಿಯಬೇಕು. ಆಗ ಇಂಜಿನ್ ಓಡಿಸಬಾರದು. ನೀರು ಎಲ್ಲಿಂದ ಬಂತು ಎಂದು ಪತ್ತೆ ಹಚ್ಚಿ, ಆಯಿಲ್ ಬದಲಿಸಿದ ಬಳಿಕವೇ ಮುಂದಿನ ಮಾತು.

ಪೆಟ್ರೋಲ್, ಕಿಡಿ, ಗಾಳಿ ಮೂರೂ ಸರಿಯಿದ್ದೂ ಇಂಜಿನ್ ಏಳದಿದ್ದರೆ ಉಳಿಯುವುದು ನಾಲ್ಕನೆಯದು, ಸಿಲಿಂಡರಿನ ಒತ್ತಡ. ಅಲ್ಲಿಗೆ ಮನೆಯ ದುರಸ್ತಿ ಮುಗಿಯಿತು, ಗ್ಯಾರೇಜಿಗೆ ಕರೆ ಮಾಡುವುದೇ ಲೇಸು.

ಓಡುತ್ತದೆ, ಆದರೆ ಎಳೆಯುವುದಿಲ್ಲ

ಇಂಜಿನ್ ಗರ್ಜಿಸಿದರೂ ಗಾಡಿ ಮುಂದೆ ಹೋಗದಿದ್ದರೆ, ಬೆಲ್ಟ್ ಇರುವ ಮಾದರಿಗಳಲ್ಲಿ ಬೆಲ್ಟಿನ ಪೆಟ್ಟಿಗೆಗೆ ನೀರು ನುಗ್ಗಿ ಬೆಲ್ಟ್ ಜಾರುತ್ತಿರಬಹುದು. ಪೆಟ್ಟಿಗೆಯ ಕೆಳಗಿನ ಡ್ರೈನ್ ಪ್ಲಗ್ ತೆಗೆದರೆ ನೀರು ಇಳಿಯುತ್ತದೆ. ಸುಟ್ಟ ರಬ್ಬರಿನ ವಾಸನೆ ಬಂದರೆ ಬೆಲ್ಟ್ ಬದಲಿಸುವ ಕಾಲ ಬಂದಿದೆ.

ಪೆಟ್ರೋಲ್ ಪಂಪಿನಲ್ಲಿ ಬೈಕಿನಂತೆ ಗಾಳಿ ತುಂಬಿಸುವುದು ಹಲವರು ಮಾಡುವ ತಪ್ಪು. ಬೈಕಿನ ಟಯರಿಗೆ 25-30 ಪಿಎಸ್‌ಐ ಗಾಳಿ ಬೇಕಾದರೆ, ಹೆಚ್ಚಿನ ಎಟಿವಿ ಟಯರುಗಳಿಗೆ ಬೇಕಾದುದು ಬರೀ 3ರಿಂದ 7. ಅತಿಯಾದ ಗಾಳಿ ತುಂಬಿದ ಗಾಡಿ ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ, ಮಗುಚುವ ಅಪಾಯವೂ ಹೆಚ್ಚುತ್ತದೆ. ಸರಿಯಾದ ಅಂಕಿ ಗಾಡಿಯ ಮೇಲಿನ ಸ್ಟಿಕ್ಕರಿನಲ್ಲೇ ಇರುತ್ತದೆ.

ಎಚ್ಚರ ತಪ್ಪಿದರೆ

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅರಿವಾಗುವ ಮೊದಲೇ ಅದು ಪ್ರಾಣ ತೆಗೆಯಬಲ್ಲದು. ದೊಡ್ಡವರ ಎಟಿವಿ 200ರಿಂದ 350 ಕಿಲೋವರೆಗೂ ತೂಗುತ್ತದೆ. ಬರೀ ಜಾಕಿನ ಮೇಲೋ ಕೆಂಪುಕಲ್ಲಿನ ಮೇಲೋ ನಿಲ್ಲಿಸಿ ಅಡಿಗೆ ನುಗ್ಗುವುದು ಸಲ್ಲದು, ಗಟ್ಟಿಯಾದ ಸ್ಟ್ಯಾಂಡ್ ಇರಲೇಬೇಕು. ಬ್ರೇಕ್, ಸ್ಟಿಯರಿಂಗ್ ಮತ್ತು ಚಕ್ರದ ಬೇರಿಂಗುಗಳ ದುರಸ್ತಿಯನ್ನು ಅನುಭವಿ ಮೆಕ್ಯಾನಿಕ್‌ಗೆ ಬಿಡಬೇಕು. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಬ್ರೇಕ್ ಕೆಟ್ಟರೆ ನಿಲ್ಲುವುದಿಲ್ಲ.

ದುರಸ್ತಿಯಾದ ಸಂಭ್ರಮದಲ್ಲಿ ಕೀಲಿ ಮಕ್ಕಳ ಕೈಗೆ ಹೋಗದಂತೆ ಹಿರಿಯರು ನೋಡಿಕೊಳ್ಳಬೇಕು. 16 ವರ್ಷದೊಳಗಿನವರು ದೊಡ್ಡವರ ಎಟಿವಿ ಓಡಿಸಬಾರದು ಎಂಬುದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಸಲಹೆ. ಹೆಲ್ಮೆಟ್ ತೋಟದೊಳಗೂ ಬೇಕು. ಒಬ್ಬರಿಗೆಂದು ಮಾಡಿದ ಗಾಡಿಯಲ್ಲಿ ಹಿಂದೆ ಇನ್ನೊಬ್ಬರನ್ನು ಕೂರಿಸಬಾರದು. ನೋಂದಣಿ ಇಲ್ಲದ ಎಟಿವಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸುವುದು ಕಾನೂನಿಗೂ ವಿರುದ್ಧ.

ಮುಂದಿನ ಮೇ ತಿಂಗಳಲ್ಲಿ ಊರಿಗೆ ಹೋದವರು ಮರಳುವ ಮುನ್ನ ಒಂದು ಗಂಟೆ ಈ ಗಾಡಿಗಾಗಿ ಮೀಸಲಿಟ್ಟರೆ ಅಕ್ಟೋಬರದ ತಲೆನೋವು ಬಹುಪಾಲು ತಪ್ಪುತ್ತದೆ. ಕಾರ್ಬುರೇಟರಿನ ಪೆಟ್ರೋಲ್ ಬಸಿಯುವುದು, ಬ್ಯಾಟರಿಯ ನೆಗೆಟಿವ್ ವೈರು ಕಳಚುವುದು, ಕೆಸರು ತೊಳೆದು ಒಣಗಿಸುವುದು, ಟಯರಿನ ಭಾರ ನೆಲಕ್ಕೆ ಬೀಳದಂತೆ ಸ್ಟ್ಯಾಂಡಿನ ಮೇಲೆ ನಿಲ್ಲಿಸುವುದು, ಇಷ್ಟೇ ಕೆಲಸ. ತೋಟ ನೋಡಿಕೊಳ್ಳುವವರಿಗೂ ಇದನ್ನು ಹೇಳಿಕೊಟ್ಟು ಬಂದರೆ ಇನ್ನೂ ಒಳ್ಳೆಯದು.