ಕಲಹಶೀಲ ಮೀನುಗಳ ಸಹವಾಸ: ಕೆರೆಯಲ್ಲಿ ಮತ್ತು ಉಪ್ಪುನೀರಿನ ತೊಟ್ಟಿಯಲ್ಲಿ

ಕಡೂರು, ತರೀಕೆರೆ, ಅಜ್ಜಂಪುರಗಳದು ಕಡಲು ಕಾಣದ ಸೀಮೆ. ಆದರೆ ಮೀನು ಕಾಣದ ಸೀಮೆಯಲ್ಲ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಕಡೂರು ತಾಲ್ಲೂಕಿನ ಮದಗದಕೆರೆ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು, ಇವುಗಳ ದಡದಲ್ಲಿ ಬೆಳೆದ ವಿದ್ಯಾರ್ಥಿಗಳು ಕಾಲೇಜಿಗೆ ಬಂದು ಸಾಗರಜೀವಿಗಳನ್ನು ಓದುವಾಗ ಅವರ ಮುಂದಿರುವುದು ಬಹುಮಟ್ಟಿಗೆ ಫಾರ್ಮಲಿನ್ ತುಂಬಿದ ಸೀಸೆಗಳು. ಆದುದರಿಂದ ಉಪ್ಪುನೀರಿನ ಅಕ್ವೇರಿಯಂ ಒಂದನ್ನು ಸ್ಥಾಪಿಸಬೇಕೆಂಬ ಅಪೇಕ್ಷೆ ಅಧ್ಯಾಪಕರಲ್ಲಿ ಹುಟ್ಟುವುದು ಸಹಜವೇ ಸರಿ. ಆದರೆ ಅಂಗಡಿಯಲ್ಲಿ ಬೇರೆ ಬೇರೆ ಗಾಜುಗಳಲ್ಲಿ ಶಾಂತವಾಗಿದ್ದ ಮೀನುಗಳು ಒಂದೇ ತೊಟ್ಟಿಗೆ ಬಿದ್ದ ಕೆಲವೇ ದಿನಗಳಲ್ಲಿ ರೆಕ್ಕೆ ಹರಿದುಕೊಂಡು ಒಂದೊಂದಾಗಿ ಸಾಯುವುದುಂಟು. ಆಗ ಮೀನಿನ ಜಾತಿಯನ್ನೇ ದೂರುವುದು ವಾಡಿಕೆ. ದೋಷವು ಜಾತಿಯಲ್ಲಿರುವುದಕ್ಕಿಂತ ಹೆಚ್ಚಾಗಿ ಸ್ಥಳದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಒಂದು ಭೇದವನ್ನು ಗಮನಿಸಬೇಕು. ತಿನ್ನುವುದು ಬೇರೆ, ಜಗಳವಾಡುವುದು ಬೇರೆ. ನಮ್ಮ ಕೆರೆಗಳ ಕೊರವ ಮೀನು, ಎಂದರೆ ಮತ್ಸ್ಯಶಾಸ್ತ್ರದ ಮರ್ರೆಲ್, ಚಿಕ್ಕ ಮೀನನ್ನು ನುಂಗುವುದು ಹಸಿವಿನಿಂದ, ಅದರಲ್ಲಿ ವೈರವಿಲ್ಲ. ಬಾಯಿಗಿಂತ ದೊಡ್ಡದಾದ ಮೀನಿನೊಡನೆ ಅದು ಬಹುಕಾಲ ಸುಮ್ಮನಿರಬಲ್ಲುದು. ಅದೇ ಮೀನು ಮರಿಗಳ ಹಿಂಡನ್ನು ಕಾಯುತ್ತಿರುವಾಗ ಹತ್ತಿರ ಸುಳಿದುದೆಲ್ಲದರ ಮೇಲೂ ಎರಗುತ್ತದೆ. ಇದು ಹಸಿವಲ್ಲ, ಕಾವಲು. ಬೇಟೆಯ ಪ್ರಶ್ನೆಯನ್ನು ಮೀನುಗಳ ಗಾತ್ರವನ್ನು ಸರಿದೂಗಿಸಿ ಪರಿಹರಿಸಬಹುದು. ಕಾವಲಿನ ಪ್ರಶ್ನೆ ಅಷ್ಟು ಸುಲಭವಲ್ಲ.

ಕೆರೆಯಲ್ಲಿ ಇವೆಲ್ಲ ಒಟ್ಟಿಗೆ ಬಾಳುವುದು ಹೇಗೆ? ಮೀನು ಸಾಕುವವರು ಕಾಟ್ಲಾ, ರೋಹು, ಮೃಗಾಲ್‌ಗಳನ್ನು ಒಂದೇ ನೀರಿಗೆ ಬಿಡುತ್ತಾರೆ. ಮೊದಲನೆಯದು ಮೇಲ್ಪದರದಲ್ಲಿ, ಎರಡನೆಯದು ನಡುವಿನಲ್ಲಿ, ಮೂರನೆಯದು ತಳದಲ್ಲಿ ಮೇಯುವುದರಿಂದ ಅವುಗಳಿಗೆ ಪರಸ್ಪರ ತಗಾದೆಯಿಲ್ಲ. 1952ರಲ್ಲಿ ಭಾರತಕ್ಕೆ ಬಂದು ಕರ್ನಾಟಕದ ಅನೇಕ ಕೆರೆಗಳಲ್ಲಿ ನೆಲೆಯೂರಿರುವ ತಿಲಾಪಿಯಾ ಹಾಗಲ್ಲ. ಸಂತಾನಕಾಲದಲ್ಲಿ ಇದರ ಗಂಡು ತಳದ ಮಣ್ಣಿನಲ್ಲಿ ಬೋಗುಣಿಯಂಥ ಗುಂಡಿಯನ್ನು ತೋಡಿ, ಅದನ್ನು ತನ್ನ ಸ್ವಕ್ಷೇತ್ರವೆಂದು ಕಾಯುತ್ತದೆ. ಮತ್ತೊಂದು ಗಂಡು ಬಂದರೆ ರೆಕ್ಕೆ ಬಿಡಿಸಿ ಬೆದರಿಸುತ್ತದೆ, ಬಾಯಿಗೆ ಬಾಯಿ ಕೊಟ್ಟು ತಳ್ಳುತ್ತದೆ. ಸೋತದ್ದು ಓಡುತ್ತದೆ. ಅದು ಗಡಿ ದಾಟಿದೊಡನೆ ಗೆದ್ದದ್ದು ಹಿಂದಿರುಗುತ್ತದೆ. ಅಲ್ಲಿಗೆ ವ್ಯಾಜ್ಯ ಮುಗಿಯಿತು. ಇಲ್ಲಿ ‘ಓಡುತ್ತದೆ’ ಎಂಬ ಮಾತೇ ಮುಖ್ಯ. ಗಾಜಿನ ತೊಟ್ಟಿಯಲ್ಲಿ ಸೋತ ಮೀನಿಗೆ ಓಡಲು ಎಡೆಯಿಲ್ಲ. ಇಡೀ ತೊಟ್ಟಿಯೇ ಗೆದ್ದ ಮೀನಿನ ಕ್ಷೇತ್ರವಾಗಿರುತ್ತದೆ. ಶರಣಾದದ್ದೂ ಕಣ್ಣೆದುರಿನಲ್ಲೇ ಉಳಿಯುವುದರಿಂದ ಪೆಟ್ಟು ನಿಲ್ಲುವುದಿಲ್ಲ.

ಕಡಲಿನ ಹವಳದಿಬ್ಬಗಳಲ್ಲಿಯೂ ನ್ಯಾಯ ಇದೇ. ಅಲ್ಲಿನ ಮೀನುಗಳು ಅನ್ಯಜಾತಿಗಿಂತ ಸ್ವಜಾತಿಯನ್ನೇ ಉಗ್ರವಾಗಿ ಎದುರಿಸುತ್ತವೆಂದು ಆಸ್ಟ್ರಿಯದ ಕಾನ್ರಾಡ್ ಲೊರೆನ್ಸ್ 1963ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಈ ಮಾತು ಬಹ್ವಂಶ ಸರಿಯಾದರೂ ಪೂರ್ಣವಲ್ಲ. ಅಂಗೈಯಗಲದ ಡ್ಯಾಮ್ಸೆಲ್ ಮೀನುಗಳಲ್ಲಿ ಕೆಲವು ತಮ್ಮ ಪಾಚಿಯ ತುಣುಕನ್ನು ತೋಟದಂತೆ ಕಾಯುತ್ತವೆ. ಗ್ರೇಟ್ ಬ್ಯಾರಿಯರ್ ದಿಬ್ಬದ ಇಂಥ ಒಂದು ಮೀನಿನ ಬಗೆಗೆ 1971ರಲ್ಲಿ ಪ್ರಕಟವಾದ ಅಧ್ಯಯನದಂತೆ, ಅದು ಪಾಚಿ ಮೇಯುವ ಅನ್ಯಜಾತಿಗಳನ್ನೂ ಓಡಿಸುತ್ತದೆ. ಹೊಟ್ಟೆಪಾಡು ಸಮಾನವಾದಲ್ಲಿ ಜಾತಿ ಬೇರೆಯಾದರೂ ವಿರೋಧ ತಪ್ಪದು. ಟ್ರಿಗರ್ ಮೀನುಗಳದು ಇನ್ನೊಂದು ಪಾಠ. ಮಂಗಳೂರು, ಮಲ್ಪೆಗಳಲ್ಲಿ ‘ಕಾರ್ಗಿಲ್ ಮೀನು’ ಎಂದು ಕರೆಯುವ ಓಡೋನಸ್ ನೈಗರ್ ತೆರೆದ ನೀರಿನಲ್ಲಿ ಗುಂಪುಗಟ್ಟಿ ತೇಲುಜೀವಿಗಳನ್ನು ತಿನ್ನುವಂಥದು. ಅದೇ ಕುಟುಂಬದ ದೊಡ್ಡ ಟೈಟನ್ ಟ್ರಿಗರ್ ಗೂಡು ಕಾಯುವಾಗ ಮುಳುಗುಗಾರರನ್ನೂ ಕಚ್ಚುತ್ತದೆ. ಕುಟುಂಬದ ಹೆಸರನ್ನು ನೋಡಿ ಶೀಲವನ್ನು ನಿರ್ಣಯಿಸಲಾಗದು. ಲಯನ್ ಮೀನು ಮುಳ್ಳಿನಲ್ಲಿ ವಿಷವುಳ್ಳದ್ದಾದರೂ ಜಗಳಗಂಟಿಯಲ್ಲ. ಬಾಯಿಗೆ ಹಿಡಿಸಿದ್ದನ್ನು ಮಾತ್ರ ಸದ್ದಿಲ್ಲದೆ ನುಂಗುತ್ತದೆ.

ತೊಟ್ಟಿಯ ವಿಚಾರಕ್ಕೆ ಬರೋಣ. ಒಂದೇ ಜಾತಿಯ ಅಥವಾ ಒಂದೇ ರೂಪದ, ಒಂದೇ ಮೇವಿನ ಎರಡು ಮೀನುಗಳನ್ನು ಇಡದಿರುವುದು ಲೇಸು. ಎಲ್ಲವನ್ನೂ ಒಂದೇ ದಿನ ಬಿಡಬೇಕು. ಅದಾಗದಿದ್ದರೆ ಸಾಧುವನ್ನು ಮೊದಲು, ಉಗ್ರವನ್ನು ಕಡೆಗೆ. ಹೊಸ ಮೀನನ್ನು ಬಿಡುವ ಮುನ್ನ ಕಲ್ಲುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದರೆ ಹಳೆಯ ಗಡಿಗಳು ಅಳಿದು ಎಲ್ಲವೂ ಹೊಸಬರಾಗುತ್ತವೆ. ಮೀನಿನ ಸಂಖ್ಯೆಗಿಂತ ಅಡಗುದಾಣಗಳ ಸಂಖ್ಯೆ ಹೆಚ್ಚಿರಬೇಕು. ಒಂದರಿಂದೊಂದು ಕಾಣದಂತೆ ಮಾಡುವುದೇ ಅರ್ಧ ಪರಿಹಾರ. ಇದಕ್ಕೆ ಜೀವಂತ ಹವಳವನ್ನು ಹುಡುಕಬೇಕಾಗಿಲ್ಲ. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಮೆರುಗಿಲ್ಲದ ಮಣ್ಣಿನ ಕುಡಿಕೆಗಳೇ ಸಾಕು.

ತೊಟ್ಟಿಯನ್ನು ಕಿಕ್ಕಿರಿಸಿದರೆ ಪೆಟ್ಟು ಎಲ್ಲರಿಗೂ ಹಂಚಿಹೋಗಿ ಯಾವುದೂ ಸಾಯದೆಂಬ ಉಪಾಯವೊಂದು ಸಿಹಿನೀರಿನ ಸಿಕ್ಲಿಡ್ ಸಾಕುವವರಲ್ಲಿ ಪ್ರಸಿದ್ಧ. ಉಪ್ಪುನೀರಿನಲ್ಲಿ ನಾವು ಇದನ್ನು ಅನುಮೋದಿಸಲಾರೆವು. ಮಾಂಸಾಹಾರಿಗಳ ತೊಟ್ಟಿಯಲ್ಲಿ ಅಮೋನಿಯಾ ಬಹಳವಾಗಿ ಹುಟ್ಟುತ್ತದೆ. ಕಡಲನೀರು ಕ್ಷಾರೀಯವಾದ್ದರಿಂದ ಅಷ್ಟೇ ಅಮೋನಿಯಾ ಅಲ್ಲಿ ಹೆಚ್ಚು ವಿಷಕರ. ಅದನ್ನು ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಹಲವು ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡುವುದು ಹಿಂಸೆ. ಜಗಳ ನಿಲ್ಲಿಸಲು ಹೋಗಿ ಎಲ್ಲವನ್ನೂ ಒಟ್ಟಿಗೆ ಕೊಂದಂತಾಗಬಾರದು.

ಖರ್ಚನ್ನೂ ಲೆಕ್ಕಿಸಬೇಕು. 120 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿ 243 ಲೀಟರ್ ಹಿಡಿಯುತ್ತದೆ. ಲೀಟರಿಗೆ 35 ಗ್ರಾಂನಂತೆ ಸುಮಾರು 8.5 ಕಿಲೋಗ್ರಾಂ ಲವಣ ಬೇಕು. ಅಡಿಗೆಯ ಉಪ್ಪು ಸಲ್ಲದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವುಗಳಿರುವ ಕಡಲ ಲವಣಮಿಶ್ರಣವೇ ಆಗಬೇಕು. ಬೇಸಿಗೆಯಲ್ಲಿ ನೀರು ಆರಿದಾಗ ಲವಣ ಹಿಂದೆ ಉಳಿಯುವುದರಿಂದ ಶುದ್ಧವಾದ ಸಿಹಿನೀರನ್ನು ಮಾತ್ರ ತುಂಬಬೇಕು. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಇದಕ್ಕೆ ತಕ್ಕುದಲ್ಲ. ಇಷ್ಟು ವೆಚ್ಚವಾದ ತೊಟ್ಟಿಯಲ್ಲಿ ಒಂದೇ ಒಂದು ಬಲಿಷ್ಠ ಮೀನು ಉಳಿಯುವುದು ಯಾರಿಗೂ ಹಿತವಲ್ಲ.

ಆದಕಾರಣ ಉಪ್ಪುನೀರಿಗೆ ಕೈಹಾಕುವ ಮುನ್ನ ಒಂದು ವರ್ಷ ಸ್ಥಳೀಯ ತಿಲಾಪಿಯಾಗಳನ್ನಿಟ್ಟು ಅಭ್ಯಾಸ ಮಾಡಬೇಕೆಂದು ನಾವು ಸೂಚಿಸುತ್ತೇವೆ. ಪ್ರತಿದಿನ ಒಂದೇ ವೇಳೆಯಲ್ಲಿ 15 ನಿಮಿಷ ಕುಳಿತು ಯಾವ ಮೀನು ಯಾವುದನ್ನು ಎಷ್ಟು ಸಲ ಅಟ್ಟಿತೆಂದು ವಿದ್ಯಾರ್ಥಿಗಳು ಬರೆದಿಡಲಿ. ಒಂದು ವಾರ ತೊಟ್ಟಿ ಬರಿದಾಗಿರಲಿ, ಮುಂದಿನ ವಾರ ಕುಡಿಕೆಗಳಿರಲಿ, ಅದರ ಮುಂದಿನ ವಾರ ಕುಡಿಕೆಗಳ ಸ್ಥಾನ ಬದಲಾಗಲಿ. ರಂಧ್ರಗಳುಳ್ಳ ತಡಿಕೆಯೊಂದು ಸದಾ ಸಿದ್ಧವಿರಬೇಕು. ಮೂಲೆ ಹಿಡಿದು ಮೇವು ಬಿಟ್ಟ ಮೀನನ್ನು ಅಂದೇ ಅದರ ಆಚೆಗೆ ಸೇರಿಸತಕ್ಕದ್ದು.