ಮೂರು ವರ್ಷದ ಅರಬ್ಬಿ ಕುದುರೆ ಜಿಗಿದೀತೇ?

ಅರಬ್ಬಿ ಕುದುರೆ ಎಂದ ಕೂಡಲೇ ಎರಡು ಮಾತು ಕೇಳಿಬರುತ್ತವೆ. ನೋಡಲು ಚೆಂದ ಎಂಬುದು ಒಂದು, ಜಿಗಿತಕ್ಕೆ ಬಾರದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ತಕರಾರಿಲ್ಲ. ಎರಡನೆಯದು ಅರ್ಧ ಸತ್ಯ. ಆದರೆ ಸವಾರಿಗೂ ಆಯಿತು, ಜಿಗಿತಕ್ಕೂ ಆಯಿತು ಎಂದು ಎಳೆಯ ಅರಬ್ಬಿಯನ್ನು ಕೊಳ್ಳಲು ಹೊರಟವರು ಹಾದಿ ತಪ್ಪುವುದು ಹೆಚ್ಚಾಗಿ ಕುದುರೆಯ ವಯಸ್ಸಿನ ಲೆಕ್ಕದಲ್ಲಿ.

ಮೊದಲು ತಳಿಯ ಮಾತು ಮುಗಿಸೋಣ. ಅರಬ್ಬಿ ಗಿಡ್ಡ, ಆದ್ದರಿಂದ ಎತ್ತರ ಹಾರದು ಎನ್ನುತ್ತಾರೆ. ಹೆಗಲಿನ ಬಳಿ ಅಳೆದರೆ ಬಹುಪಾಲು ಅರಬ್ಬಿಗಳು 145ರಿಂದ 155 ಸೆಂಟಿಮೀಟರ್ ಇರುತ್ತವೆ, ನಿಜ. ಆದರೆ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಜಿಗಿತದಲ್ಲಿ ಬ್ರಿಟನ್ನಿನ ಮೇರಿಯನ್ ಕೋಕ್ಸ್‌ಗೆ ಬೆಳ್ಳಿ ತಂದುಕೊಟ್ಟ ಸ್ಟ್ರೋಲರ್ ಕುದುರೆಯೇ ಅಲ್ಲ, ಪೋನಿ. ಅದಕ್ಕೂ ಮುಂಚೆ, 1952ರ ಹೆಲ್ಸಿಂಕಿಯಲ್ಲಿ ಫ್ರಾನ್ಸಿನ ಪಿಯೆರ್ ಜೊಂಕೇರ್ ದೋರಿಯೋಲ ಚಿನ್ನ ಗೆದ್ದದ್ದು ಅಲಿ ಬಾಬಾ ಎಂಬ ಆಂಗ್ಲೋ-ಅರಬ್ ಮೇಲೆ, ಅಂದರೆ ಅರಬ್ಬಿ ಮತ್ತು ಥರೋಬ್ರೆಡ್ ರಕ್ತ ಬೆರೆತ ಕುದುರೆಯ ಮೇಲೆ.

ತೊಡಕು ಇರುವುದು ಎತ್ತರಕ್ಕಿಂತ ಹೆಚ್ಚಾಗಿ ದಾಪಿನಲ್ಲಿ. ಜಿಗಿತದ ಅಂಕಣ ರೂಪಿಸುವವರು ಕುದುರೆಯ ಒಂದು ದಾಪು ಸುಮಾರು 3.6 ಮೀಟರ್ ಎಂದು ಹಿಡಿದು ಬೇಲಿಗಳ ನಡುವಿನ ಅಂತರ ಇಡುತ್ತಾರೆ. ಚಿಕ್ಕ ದಾಪಿನ ಅರಬ್ಬಿ ಆ ಅಂತರವನ್ನು ಮುಟ್ಟಲು ವೇಗ ಹೆಚ್ಚಿಸಿಕೊಳ್ಳಬೇಕು, ಇಲ್ಲವೇ ನಡುವೆ ಒಂದು ದಾಪು ಸೇರಿಸಿಕೊಳ್ಳಬೇಕು. ತಲೆ ಎತ್ತಿ, ಬೆನ್ನು ತಗ್ಗಿಸಿ ಓಡುವ ಒಲವೂ ಹಲವು ಅರಬ್ಬಿಗಳಲ್ಲಿದೆ. ಬೇಲಿಯ ಮೇಲೆ ಬೆನ್ನು ಕಮಾನಾಗಬೇಕಾದಾಗ ಅದು ಅಡ್ಡಬರುತ್ತದೆ. ಹೀಗಾಗಿ 1.60 ಮೀಟರಿನ ಅಂತರರಾಷ್ಟ್ರೀಯ ಸ್ಪರ್ಧೆಯ ಕನಸಿದ್ದರೆ ಬೇರೆ ತಳಿ ನೋಡುವುದೇ ಸರಿ. ಹವ್ಯಾಸಿಗಳು ಹಾರಿಸುವ 80 ಸೆಂಟಿಮೀಟರ್, ಹೆಚ್ಚೆಂದರೆ ಒಂದು ಮೀಟರ್ ಬೇಲಿ ಮಾತ್ರ ಚೆನ್ನಾಗಿ ಪಳಗಿದ, ಕೈಕಾಲು ಗಟ್ಟಿಯಿರುವ ಅರಬ್ಬಿಗೆ ದೊಡ್ಡ ವಿಷಯವಲ್ಲ.

ಇನ್ನು ವಯಸ್ಸು. "ರೇಸ್ ಕುದುರೆಗಳು ಎರಡು ವರ್ಷಕ್ಕೇ ಓಡುತ್ತವಲ್ಲ, ಇದನ್ನು ಮೂರಕ್ಕೆ ಜಿಗಿಸಿದರೆ ಏನಂತೆ?" ಎಂಬ ಮಾತು ರೇಸ್ ಕೋರ್ಸ್ ಇರುವ ಬೆಂಗಳೂರು, ಮೈಸೂರುಗಳಲ್ಲಿ ಸಹಜವಾಗಿಯೇ ಬರುತ್ತದೆ. ಸಮತಟ್ಟಾದ ನೆಲದಲ್ಲಿ ಹಗುರ ಜಾಕಿಯನ್ನು ಹೊತ್ತು ಓಡುವುದೇ ಬೇರೆ, ಹಾರಿ ಮುಂಗಾಲುಗಳ ಮೇಲೆ ಇಳಿಯುವುದೇ ಬೇರೆ. ಕುದುರೆಯ ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಪದರಗಳು ಒಟ್ಟಾರೆ ಕೆಳಗಿನಿಂದ ಮೇಲಕ್ಕೆ ಗಟ್ಟಿಯಾಗುತ್ತವೆ. ಮುಂಗಾಲಿನ ಮಂಡಿಯ ಮೇಲಿನದು ಎರಡರಿಂದ ಎರಡೂವರೆ ವರ್ಷಕ್ಕೆ ಮುಗಿದರೆ, ಬೆನ್ನುಹುರಿ ಕಾಯುವ ಕಶೇರುಗಳದ್ದು ಐದಾರು ವರ್ಷದವರೆಗೂ ಎಳೆಯುತ್ತದೆ. ಜೀನು ಕೂರುವುದು ಅಲ್ಲಿಯೇ. ಆದ್ದರಿಂದ ಮೂರು, ಮೂರೂವರೆಗೆ ಹಗುರ ಸವಾರನನ್ನು ಅಷ್ಟಿಷ್ಟು ಹೊತ್ತು ಹೊರಲು ಕಲಿಸಬಹುದು, ನೆಲಕ್ಕೆ ಹಾಕಿದ ಕೋಲುಗಳನ್ನು ದಾಟಿಸಬಹುದು. ಸಣ್ಣ ಬೇಲಿಗೆ ನಾಲ್ಕು ತುಂಬಲಿ. ಅರಬ್ಬಿಗಳ ಸ್ವಂತ ಅಖಾಡ ಎನ್ನಬಹುದಾದ ದೂರದ ಓಟದಲ್ಲೂ 160 ಕಿಲೋಮೀಟರಿನ ಅಂತರರಾಷ್ಟ್ರೀಯ ಸ್ಪರ್ಧೆಗೆ ಕುದುರೆಗೆ ಎಂಟು ವರ್ಷವಾದರೂ ಆಗಿರಬೇಕು.

ವಯಸ್ಸನ್ನು ಮಾರುವವನ ಬಾಯಿಯಿಂದ ಕೇಳುವುದಕ್ಕಿಂತ ಕುದುರೆಯ ಬಾಯಿ ತೆರೆಸಿ ನೋಡುವುದು ಮೇಲು. ನಡುವಿನ ಬಾಚಿಹಲ್ಲುಗಳು ಸುಮಾರು ಎರಡೂವರೆ ವರ್ಷಕ್ಕೆ, ಪಕ್ಕದವು ಮೂರೂವರೆಗೆ, ಮೂಲೆಯವು ನಾಲ್ಕೂವರೆಗೆ ಬದಲಾಗುತ್ತವೆ. "ಐದು ತುಂಬಿದೆ ಸಾರ್" ಎಂದವನ ಕುದುರೆಯ ಮೂಲೆಯಲ್ಲಿ ಹಾಲುಹಲ್ಲು ಇದ್ದರೆ ಲೆಕ್ಕ ತಪ್ಪಿದೆ.

ನನಗೆ ಎಲ್ಲಕ್ಕಿಂತ ಅಪಾಯಕಾರಿ ಎನಿಸುವ ನಂಬಿಕೆ ಇದು: ಹೊಸ ಸವಾರ, ಹೊಸ ಕುದುರೆ, ಇಬ್ಬರೂ ಜೊತೆಯಲ್ಲೇ ಕಲಿಯಲಿ. ಕೇಳಲು ಹಿತವಾಗಿದೆ. ಆದರೆ ಕುದುರೆ ಕಲಿಯುವುದು ಒತ್ತಡ ಸಡಿಲುವ ಕ್ಷಣದಿಂದ. ಕಾಲಿನಿಂದ ಒತ್ತಿದಾಗ ಮುಂದೆ ನಡೆದರೆ ಒತ್ತು ನಿಲ್ಲಬೇಕು, ಲಗಾಮು ಹಿಡಿದಾಗ ನಿಂತರೆ ಕೈ ಸಡಿಲಬೇಕು. ಅದೂ ಆ ಕ್ಷಣದಲ್ಲೇ. ಇನ್ನೂ ಸಮತೋಲ ಕಲಿಯುತ್ತಿರುವವನಿಗೆ ಈ ಸಮಯಜ್ಞಾನ ಎಲ್ಲಿಂದ ಬರಬೇಕು? ಕುದುರೆ ನೆಗೆದಾಗ ಅವನು ಹಿಂದಕ್ಕೆ ವಾಲಿ ಲಗಾಮಿಗೆ ಜೋತುಬೀಳುತ್ತಾನೆ, ಕಡಿವಾಣ ಬಾಯಿಗೆ ಬಡಿಯುತ್ತದೆ. ನಾಲ್ಕು ಸಲ ಹೀಗಾದರೆ ಬೇಲಿ ಎಂದರೆ ನೋವು ಎಂದು ಕುದುರೆ ತೀರ್ಮಾನಿಸುತ್ತದೆ, ಐದನೇ ಸಲ ಬೇಲಿಯ ಮುಂದೆ ನಿಂತುಬಿಡುತ್ತದೆ. ಅರಬ್ಬಿ ಬೇಗ ಕಲಿಯುತ್ತದೆ ಎಂಬುದು ಹೊಗಳಿಕೆ ಹೌದು. ತಪ್ಪನ್ನೂ ಅಷ್ಟೇ ಬೇಗ ಕಲಿಯುತ್ತದೆ. ಕಲಿಯುವ ಸವಾರನಿಗೆ ಬೇಕಾದದ್ದು ಹತ್ತು ಹನ್ನೆರಡು ವರ್ಷದ, ತಪ್ಪುಗಳನ್ನು ಸಹಿಸಿಕೊಳ್ಳುವ ಕುದುರೆ. ಎಳೆಯದನ್ನೇ ಕೊಳ್ಳುವುದಾದರೆ ಮೊದಲೆರಡು ವರ್ಷ ಪಳಗಿದ ತರಬೇತುದಾರನ ಸಂಬಳವನ್ನೂ ಕುದುರೆಯ ಬೆಲೆಗೆ ಸೇರಿಸಿಕೊಳ್ಳಬೇಕು.

ಅರಬ್ಬಿಗೆ ತಲೆ ಬಿಸಿ ಎಂಬ ಅಪವಾದಕ್ಕೆ ಉತ್ತರ ತಳಿಯ ಇತಿಹಾಸದಲ್ಲೇ ಇದೆ. ಈ ತಳಿಯನ್ನು ಬೆಳೆಸಿದ ಬೆದೂಯಿನ್ ಜನ ತಮ್ಮ ಹೆಣ್ಣು ಕುದುರೆಗಳನ್ನು ಡೇರೆಯ ಪಕ್ಕದಲ್ಲೇ ಕಟ್ಟಿಕೊಳ್ಳುತ್ತಿದ್ದರು. ಕಚ್ಚಿ ಒದೆಯುವ ಪ್ರಾಣಿಯನ್ನು ಯಾರೂ ಹಾಗೆ ಇಟ್ಟುಕೊಳ್ಳುವುದಿಲ್ಲ. ಸೂಕ್ಷ್ಮ ಸ್ವಭಾವ ಇದೆ, ಒಪ್ಪೋಣ. ಹುರುಳಿ, ಓಟ್ಸ್ ಧಾರಾಳವಾಗಿ ತಿನ್ನಿಸಿ ದಿನವಿಡೀ ಲಾಯದಲ್ಲಿ ಕೂಡಿಹಾಕಿದರೆ ಯಾವ ತಳಿಯಾದರೂ ಕುಣಿಯುತ್ತದೆ.

ಭಾರದ ಲೆಕ್ಕ ಸರಳ. ಬಲಿತ ಕುದುರೆ ತನ್ನ ತೂಕದ ಐದನೇ ಒಂದು ಭಾಗ ಹೊರಬಹುದು ಎಂಬುದು ಚಾಲ್ತಿಯಲ್ಲಿರುವ ಅಂದಾಜು. 400 ಕಿಲೋ ಅರಬ್ಬಿಗೆ ಜೀನು ಸೇರಿ 80 ಕಿಲೋ. ಅಂದರೆ ಇದು ಮಕ್ಕಳನ್ನಷ್ಟೇ ಹೊರಬಲ್ಲ ಕುದುರೆಯೇನಲ್ಲ.

ಕಡೆಯದಾಗಿ ವ್ಯಾಪಾರ. ವಿಜಯನಗರದ ದೊರೆ ಸಾಳುವ ನರಸಿಂಹ ಹೊರ್ಮುಜಿನಿಂದ ಬರುವ ಕುದುರೆಗಳನ್ನು ಸತ್ತರೂ ಬದುಕಿದರೂ ಕೊಳ್ಳುತ್ತಿದ್ದ, ಕಡಲಲ್ಲಿ ಸತ್ತವುಗಳ ಬಾಲ ತೋರಿಸಿದರೂ ಹಣ ಕೊಡುತ್ತಿದ್ದ ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನೆಸ್ ಬರೆದಿದ್ದಾನೆ. ಅಷ್ಟು ಉದಾರಿಯಲ್ಲದವರು ಕೊಳ್ಳುವ ಮುನ್ನ ತಮ್ಮದೇ ಪಶುವೈದ್ಯರನ್ನು ಕರೆದೊಯ್ಯಲಿ, ಮಾರುವವನ ವೈದ್ಯರನ್ನಲ್ಲ. ಕಾಲು ಮಡಚಿ ಹಿಡಿದು, ಬಿಟ್ಟ ಕೂಡಲೇ ಓಡಿಸಿ ಕುಂಟು ನೋಡುವ ಪರೀಕ್ಷೆ, ಕೀಲುಗಳ ಎಕ್ಸ್-ರೇ ಎರಡೂ ಬೇಕು. ಬಟ್ಟಲಿನಂತೆ ತಗ್ಗಿದ ಮುಖ ಶುದ್ಧ ತಳಿಗೆ ಪುರಾವೆಯಲ್ಲ, ವಂಶಾವಳಿಯ ದಾಖಲೆ ಬೇಕು. ಅರಬ್ಬಿಗಳಲ್ಲಿ ಕಾಣುವ, ರೋಗನಿರೋಧಕ ಶಕ್ತಿಯನ್ನೇ ಕಸಿಯುವ ಎಸ್‌ಸಿಐಡಿಯಂಥ ವಂಶವಾಹಿ ಕಾಯಿಲೆಯ ಹೆಸರು ಕೇಳಿ ಹೆದರುವವರಿದ್ದಾರೆ. ಎಸ್‌ಸಿಐಡಿಯೊಂದಿಗೆ ಹುಟ್ಟಿದ ಮರಿ ಸಾಮಾನ್ಯವಾಗಿ ಆರು ತಿಂಗಳೊಳಗೇ ಸಾಯುತ್ತದೆ. ದೋಷದ ಒಂದೇ ಪ್ರತಿ ಹೊತ್ತ ಕುದುರೆ ಆರೋಗ್ಯವಾಗಿರುತ್ತದೆ, ಬೀಜ ತೆಗೆಸಿದ ಗಂಡನ್ನು ಸವಾರಿಗೆ ಕೊಳ್ಳುವವರಿಗೆ ಅದರಿಂದ ನಷ್ಟವಿಲ್ಲ. ಹೆದರಬೇಕಾದದ್ದು ಗ್ಲ್ಯಾಂಡರ್ಸ್‌ಗೆ. ಮನುಷ್ಯರಿಗೂ ಹರಡುವ ಈ ರೋಗಕ್ಕೆ ಲಸಿಕೆಯಿಲ್ಲ, ಖಚಿತವಾದರೆ ಕಾನೂನಿನಂತೆ ಕುದುರೆಯನ್ನು ಕೊಲ್ಲಬೇಕಾಗುತ್ತದೆ. ಅದರ ರಕ್ತಪರೀಕ್ಷೆಯ ವರದಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ, ಹೊಸ ಕುದುರೆಯನ್ನು ಲಾಯದ ಉಳಿದವುಗಳ ಜೊತೆ ಕಟ್ಟಲೂಬೇಡಿ.