ರೆಫರಿಗೆ ಅಂಕ ಕೊಡುವ ಮುನ್ನ

ಶಾಲಾ ಕ್ರೀಡಾಕೂಟಗಳ ಹಂಗಾಮು ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮೈದಾನಗಳಲ್ಲಿ ಎಲ್ಲರಿಗಿಂತ ಹೆಚ್ಚು ಬೈಗುಳ ತಿನ್ನುವವರು ಪಂಚರು. ಕಬಡ್ಡಿ, ಖೊಖೊಗೆ ಸೇರುವಷ್ಟು ಜನ ನಮ್ಮ ಕಡೆ ಫುಟ್‌ಬಾಲಿಗೆ ಸೇರುವುದಿಲ್ಲ, ನಿಜ. ಆದರೆ ಸೇರಿದವರ ಗಂಟಲು ಸಣ್ಣದೇನಲ್ಲ.

ತಾಲೂಕಿನಲ್ಲಿ ಗೆದ್ದ ತಂಡ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಮಟ್ಟಕ್ಕೆ ಹೋಗುತ್ತದೆ. ಸೋತ ಮಕ್ಕಳು ಅದೇ ಸಂಜೆ ಊರ ಬಸ್ಸು ಹತ್ತುತ್ತಾರೆ. ಒಂದು ಸೀಟಿಯ ಮೇಲೆ ಇಷ್ಟೆಲ್ಲ ನಿಂತಿರುವಾಗ ಪಾಲಕರಿಗೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿಗೂ ಬೆಲೆಯಿದೆ. ನನಗೆ ಪರಿಚಯದ ತರುಣ ದೈಹಿಕ ಶಿಕ್ಷಕರೊಬ್ಬರನ್ನು ಪಂದ್ಯ ಮುಗಿದ ಮೇಲೆ ಜನ ಸುತ್ತುಗಟ್ಟಿದರು. ಅವರು ಮತ್ತೆ ಸೀಟಿ ಹಿಡಿಯಲು ಒಪ್ಪಲೇ ಇಲ್ಲ. ಹಾಗಾದರೆ ಗೆರೆಯಾಚೆ ನಿಂತವರು ರೆಫರಿಯನ್ನು ಅಳೆಯಲೇಬಾರದೇ? ಅಳೆಯಬಹುದು. ಆದರೆ ಅಲ್ಲಿಂದ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದು ಗೊತ್ತಿರಬೇಕು.

ಹೆಚ್ಚು ಜಗಳ ತರುವ ಆಫ್‌ಸೈಡನ್ನೇ ನೋಡಿ. ಜೊತೆಗಾರ ಚೆಂಡು ಒದ್ದ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿರುವ ಆಟಗಾರನು ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲುಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ. ಅಂದರೆ ಒದೆಯುವವನನ್ನೂ ದೂರದ ಈ ಇಬ್ಬರನ್ನೂ ಒಂದೇ ಕ್ಷಣದಲ್ಲಿ ನೋಡಬೇಕು. ಇಬ್ಬರೂ ಎದುರುಬದುರು ದಿಕ್ಕಿಗೆ ಸೆಕೆಂಡಿಗೆ 7 ಮೀಟರಿನಂತೆ ಓಡುತ್ತಿದ್ದರೆ, 0.2 ಸೆಕೆಂಡಿನಲ್ಲಿ ಅವರ ನಡುವಿನ ಅಂತರ 2.8 ಮೀಟರ್ ಬದಲಾಗುತ್ತದೆ. ಕಣ್ಣು ಹೊರಳಿಸುವಷ್ಟರಲ್ಲಿ ಚಿತ್ರವೇ ಬೇರೆ!

ಇದರ ಮೇಲೆ ಪ್ಯಾರಲಾಕ್ಸ್ ದೋಷ ಬೇರೆ. ಅಳತೆ ಜಾಡಿಯ ನೀರಿನ ಮಟ್ಟವನ್ನು ಓರೆಯಾಗಿ ನೋಡಿ ಓದಬಾರದೆಂದು ಪ್ರಯೋಗಾಲಯದಲ್ಲಿ ಹೇಳುತ್ತೇವಲ್ಲ, ಅದೇ ದೋಷ. ಗೋಲಿನ ಕಡೆಗೆ ಸರಿದು ನಿಂತವನಿಗೆ, ಸಮ ಸಾಲಿನಲ್ಲಿರುವ ಇಬ್ಬರಲ್ಲಿ ದೂರದವನು ಮುಂದೆ ಹೋದಂತೆ ಕಾಣುತ್ತಾನೆ. ತರಬೇತಿ ಪಡೆದ ಲೈನ್ಸ್‌ಮನ್‌ಗಳೂ ನಿಂತ ಜಾಗದ ದೆಸೆಯಿಂದಲೇ ಹೀಗೆ ತಪ್ಪುತ್ತಾರೆಂದು ಡಚ್ ಸಂಶೋಧಕರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಇನ್ನು ಮೂಲೆಯ ಕಂಪೌಂಡ್ ಗೋಡೆ ಹತ್ತಿ ಕುಳಿತವರ ಪಾಡೇನು?

ಕಿವಿಯನ್ನೂ ಪೂರ್ತಿ ನಂಬುವಂತಿಲ್ಲ. ಘಟಪ್ರಭೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಗೊತ್ತು, ಬಟ್ಟೆ ಕಲ್ಲಿಗೆ ಬಡಿದ ಮೇಲೆ ಸಪ್ಪಳ ಬರುತ್ತದೆ. 85 ಮೀಟರ್ ದೂರದ ಸೀಟಿ ನಮ್ಮನ್ನು ತಲುಪಲು ಕಾಲು ಸೆಕೆಂಡು ಬೇಕು. ನಾವು ಮಾಡುವ ಗದ್ದಲ ರೆಫರಿಯನ್ನೂ ಅಲುಗಿಸುತ್ತದೆ. ಇಂಗ್ಲೆಂಡಿನಲ್ಲಿ 40 ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಿದ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ಜನರ ಕೂಗು ಕೇಳುತ್ತ ನೋಡಿದವರು, ಸದ್ದಿಲ್ಲದೆ ನೋಡಿದವರಿಗಿಂತ, ಆತಿಥೇಯ ತಂಡದ ವಿರುದ್ಧ ಶೇ. 15.5ರಷ್ಟು ಕಡಿಮೆ ಫೌಲ್ ಕೊಟ್ಟರು.

ಕಣ್ಣು, ಕಿವಿ ಎರಡೂ ಸರಿಯಿದ್ದು ನಿಯಮವೇ ಗೊತ್ತಿಲ್ಲದಿದ್ದರೆ? 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಾಕೌಟ್ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ, 96ನೇ ನಿಮಿಷಕ್ಕೆ, ಗೋಲಿ ಸಜ್ಜಾಗುವ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದು ಗೋಲು ಹೊಡೆದರು. ಕೇರಳದ ಕೋಚ್ ಸಿಟ್ಟಿಗೆದ್ದು ತಂಡವನ್ನೇ ಹೊರಗೆ ಕರೆದರು. ಗೋಲಿ ಸಿದ್ಧನಿರಬೇಕೆಂದು ನಿಯಮವೇನೂ ಇಲ್ಲ. ಎದುರಾಳಿಗಳು 9.15 ಮೀಟರ್ ದೂರ ಸರಿಯುವವರೆಗೆ ಕಾಯದೆ ಕೂಡಲೇ ಒದೆಯಬಹುದು. ಆದರೆ ಸೀಟಿಗೆ ಕಾಯಿರಿ ಎಂದು ರೆಫರಿ ಸೂಚಿಸಿದ್ದರೆ ಮಾತ್ರ ಒದೆಯುವಂತಿಲ್ಲ. ಹೀಗಾಗಿ ಅಂದು ನೋಡಬೇಕಾದದ್ದು ಗೋಲಿಯನ್ನಲ್ಲ, ರೆಫರಿಯ ಕೈಯನ್ನು. ಗೋಲು ಊರ್ಜಿತವಾಯಿತು. ಮರುಪಂದ್ಯದ ಬೇಡಿಕೆ ತಿರಸ್ಕೃತವಾಗಿ, ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಬಿತ್ತು.

ಈ ರೆಫರಿಯ ಕೈ, ಕಾಲು ಹೊರಗಿನಿಂದಲೂ ಚೆನ್ನಾಗಿಯೇ ಕಾಣುತ್ತವೆ. ಹತ್ತು ನಿಮಿಷ ಚೆಂಡನ್ನು ಬಿಟ್ಟು ಅವರನ್ನೇ ನೋಡಿ. ಆಟ ಗೋಲಿನ ಹತ್ತಿರ ಹೋದಾಗ ಅವರೂ ಓಡಿ ಹೋಗುತ್ತಾರೋ, ಮಧ್ಯದ ವೃತ್ತದಲ್ಲೇ ನಿಂತು ಸೀಟಿ ಊದುತ್ತಾರೋ? ಊದುವುದಾದರೆ ಅಂಕ ಕಡಿಯಿರಿ, ತೀರ್ಪು ನಿಮ್ಮ ತಂಡದ ಪರವಾಗಿದ್ದರೂ ಕಡಿಯಿರಿ. ಮೊದಲ ನಿಮಿಷದಲ್ಲಿ ಫೌಲ್ ಎನಿಸಿದ ತಳ್ಳಾಟ ಕೊನೆಯಲ್ಲಿ, ಇನ್ನೊಂದು ತುದಿಯಲ್ಲಿ, ಫೌಲೇ ಆಯಿತೇ? ಫೌಲಾದರೂ ಸೀಟಿ ಊದದೆ ಕೈಗಳನ್ನು ಮುಂದೆ ಚಾಚಿದರೆ ಅದು ಅಡ್ವಾಂಟೇಜ್. ಪೆಟ್ಟು ತಿಂದ ತಂಡದ ಬಳಿಯೇ ಚೆಂಡಿದೆ, ಆಡಲಿ ಎಂದರ್ಥ. ‘ಸೀಟಿ ಮರೆತಿಯೇನೋ’ ಎಂದು ನಮ್ಮವರು ಕೂಗುವುದು ಇಂಥ ಹೊತ್ತಿನಲ್ಲೇ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಮೈದಾನದ ಗೆರೆಯಿಂದ 10 ಮೀಟರಿಗೊಬ್ಬ, 30 ಮೀಟರಿಗೊಬ್ಬ, ಹೀಗೆ ಇಬ್ಬರು ಗೆಳೆಯರನ್ನು ನೇರ ಸಾಲಿನಲ್ಲಿ ನಿಲ್ಲಿಸಿ. ಆ ಸಾಲಿನ ತುದಿಯಲ್ಲಿ ಗೆರೆಯ ಮೇಲೆ ನಿಂತು ನೋಡಿ. ಆಮೇಲೆ ಗೋಲಿನ ಕಡೆಗೆ ಹತ್ತು ಹೆಜ್ಜೆ ಸರಿದು ಮತ್ತೆ ನೋಡಿ, ಮುಂದಿರುವವನು ಯಾರೆಂದು ಬರೆದುಕೊಳ್ಳಿ. ಅಪ್ಪನನ್ನೂ ಕರೆದೊಯ್ದರೆ ಒಳ್ಳೆಯದು.